ಗೌರೀಶನ ತೂಕ

ಬೆಳಗಾವಿಯ ಆಸ್ಪತ್ರೆಯಲ್ಲಿ ಗೌರೀಶ ಚಪ್ಪಲಿ ಕಳಚಿ ತಕ್ಕಡಿಯ ಮೇಲೆ ನಿಂತ. ತೊಂಬತ್ತೆಂಟು ಕಿಲೋ. ಎತ್ತರ ಐದೂವರೆ ಅಡಿ. ಇಷ್ಟು ತೂಕದವರಿಂದ ಕಿಡ್ನಿ ತೆಗೆಯುವುದಿಲ್ಲ, ಎಂಬತ್ತೈದಕ್ಕೆ ಇಳಿಸಿಕೊಂಡು ಆರು ತಿಂಗಳಿಗೆ ಬನ್ನಿ ಎಂದರು ಡಾಕ್ಟರು.

ಕಿಡ್ನಿ ಬೇಕಾಗಿದ್ದದ್ದು ಅವನ ಅಕ್ಕ ರಾಜಶ್ರೀಗೆ. ಆಕೆಗೆ ಮೂವತ್ತೊಂಬತ್ತು ವರ್ಷ, ಸಣಕಲು ಮೈ. ಎರಡನೆಯ ಬಸುರಿನಲ್ಲಿ ಏರಿದ ರಕ್ತದೊತ್ತಡ ಹೆರಿಗೆಯ ನಂತರವೂ ಇಳಿದಿರಲಿಲ್ಲ. ಯಾರೂ ಅಳೆದು ನೋಡಿರಲಿಲ್ಲ. ನೋಡುವ ಹೊತ್ತಿಗೆ ಎರಡೂ ಕಿಡ್ನಿಗಳು ಮುದುಡಿದ್ದವು. ಈಗ ಜಮಖಂಡಿಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಮಾಡಿದ್ದ ರಕ್ತನಾಳದ ಜೋಡಣೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿ, ಮೊಣಕೈ ಮೇಲೆ ಇನ್ನೊಂದನ್ನು ಮಾಡಿದ್ದರು. ಅದೂ ಕೆಟ್ಟರೆ ಕಷ್ಟ ಎಂದು ಅಲ್ಲಿಯವರು ಎರಡು ಸಲ ಹೇಳಿದ್ದರು.

ಗಂಡ ವೀರೇಶನ ರಕ್ತದ ಗುಂಪು ಹೊಂದಲಿಲ್ಲ. ತಾಯಿ ಹಾಲವ್ವ ಎಲ್ಲರಿಗಿಂತ ಮೊದಲು ತನ್ನದನ್ನು ಕೊಡಲು ಹೋಗಿದ್ದಳು. ಸಕ್ಕರೆ ಕಾಯಿಲೆಯವಳು ಎಂದು ಆಕೆಯನ್ನು ವಾಪಸು ಕಳಿಸಿದರು. ಆವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಾಯಿ ಅತ್ತದ್ದನ್ನು ರಾಜಶ್ರೀ ನೋಡಿದ್ದಳು. ಉಳಿದವನು ತಮ್ಮ ಒಬ್ಬನೇ.

ಗೌರೀಶನ ವರದಿಯಲ್ಲಿ ಒಂದು ಸಂಖ್ಯೆ ಮನೆಯವರಿಗೆಲ್ಲ ಹಿಡಿಸಿತು. ಕಿಡ್ನಿಗಳು ರಕ್ತ ಸೋಸುವ ವೇಗ ನೂರರ ಆಚೀಚೆ ಇರಬೇಕಾದಲ್ಲಿ ಅವನದು ನೂರಾ ಮೂವತ್ತೆಂಟು ಇತ್ತು. ಅಂದರೆ ಬೇರೆಯವರಿಗಿಂತ ಗಟ್ಟಿ ಅಲ್ಲವೇ ಎಂದು ವೀರೇಶ ಕೇಳಿದ. ಅಲ್ಲ ಎಂದರು ಡಾಕ್ಟರು. ಬೊಜ್ಜು ಬೆಳೆದ ಮೈಗೆ ಸಾಲುವಷ್ಟು ಸೋಸಲು ಕಿಡ್ನಿಯ ಜರಡಿಗಳು ಅಳತೆ ಮೀರಿ ದುಡಿಯುತ್ತಿವೆ. ಹೀಗೆ ವರ್ಷಗಟ್ಟಲೆ ದುಡಿದ ಜರಡಿ ಒಂದು ದಿನ ಸೋರತೊಡಗುತ್ತದೆ. ರಕ್ತದ ಸಕ್ಕರೆಯೂ ಗಡಿಗೆ ಬಂದು ನಿಂತಿದೆ. ಈ ಸ್ಥಿತಿಯಲ್ಲಿ ಒಂದು ಕಿಡ್ನಿ ತೆಗೆದರೆ ಇಡೀ ಹೊರೆ ಉಳಿದ ಒಂದರ ಮೇಲೆ ಬೀಳುತ್ತದೆ. ತೂಕ ಇಳಿದರೆ ಈಗಲೂ ಎಲ್ಲ ಹದಕ್ಕೆ ಬರಬಹುದು. ಗೌರೀಶ ಎಲ್ಲದಕ್ಕೂ ಹೂಂ ಅಂದ. ಆದರೆ ಅವನೂ ತಾಯಿಯೂ ಇದ್ದ ಬನಹಟ್ಟಿಗೆ ಮುಟ್ಟಿದ್ದು ಆ ಸಂಖ್ಯೆ ಮಾತ್ರ.

ಮೊದಲ ಎರಡು ತಿಂಗಳು ಅವನು ನಿಷ್ಠೆಯಿಂದ ನಡೆದುಕೊಂಡ. ಬೆಳಿಗ್ಗೆ ರಬಕವಿಯ ತನಕ ನಡೆದು ಬರುತ್ತಿದ್ದ. ರೊಟ್ಟಿ ಎರಡಕ್ಕೆ ಇಳಿಯಿತು, ಚಹಾದ ಸಕ್ಕರೆ ನಿಂತಿತು. ಭಾನುವಾರಕ್ಕೊಮ್ಮೆ ತನ್ನ ನೂಲಿನ ಅಂಗಡಿಯಲ್ಲಿ ಚೀಲ ತೂಗುವ ತಕ್ಕಡಿಯ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡುತ್ತಿದ್ದ. ತೊಂಬತ್ತಾರು. ತೊಂಬತ್ತೈದು. ತೊಂಬತ್ತಮೂರು. ಆ ವಾರ ರಾಜಶ್ರೀಗೆ ಡಯಾಲಿಸಿಸ್‌ನ ನಾಲ್ಕು ತಾಸು ಅಷ್ಟೇನೂ ಉದ್ದ ಅನ್ನಿಸಲಿಲ್ಲ.

ಆಮೇಲೆ ಬೀಗರು, ನೆಂಟರು ಗೌರೀಶನನ್ನು ನೋಡಲು ಬರತೊಡಗಿದರು. ಬಸುರಿಯ ಮನೆಗೆ ಬುತ್ತಿ ಒಯ್ಯುವ ಹಾಗೆ ಕರಿಗಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು. ಮಗ್ಗದ ಮಾಲೀಕ ಅಮೋಲ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, "ಎಷ್ಟನೇ ತಿಂಗಳಲೇ ಗೌರ್ಯಾ? ಕುಬಸದ ಊಟ ಯಾವಾಗ?" ಎಂದು ಕೇಳಿ ನಗಿಸಿದ. ಹಾಲವ್ವ ಮಾತ್ರ ನಗಲಿಲ್ಲ. ಹೆತ್ತವಳ ಮೈ ಹಸಿಯಾಗುವಂತೆ ಅಂಗ ಕೊಟ್ಟವನ ಮೈಯೂ ಹಸಿಯಾಗುತ್ತದೆ, ಮೊದಲೇ ಗಟ್ಟಿ ಮಾಡಬೇಕು ಎಂದು ಬಂದವರಿಗೆಲ್ಲ ಹೇಳಿದಳು. ಬಾಣಂತಿಗೆ ಮಾಡುವ ಹಾಗೆ ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ ಹಾಕಿ ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿದಳು. ಬೆಳಿಗ್ಗೆ ಎರಡು, ಸಂಜೆ ಎರಡು. ವಾಕಿಂಗ್ ನಿಂತಿತು. ಮಗ ದಣಿಯುತ್ತಾನಂತೆ.

ತೊಂಬತ್ತಾರು ಎಂದ ಗೌರೀಶ ಒಂದು ಭಾನುವಾರ. ಮುಂದಿನ ವಾರ ತಕ್ಕಡಿ ಕೆಟ್ಟಿದೆ ಎಂದ. ಅದರ ಮುಂದಿನ ವಾರ ಫೋನೇ ಬರಲಿಲ್ಲ.

ಬಂದದ್ದು ಅವನ ಹೆಂಡತಿ ಪ್ರೀತಿಯ ಫೋನ್. ಅಡ್ಡಬಾಗಿಲಿನ ಕಡೆ ನಿಂತು ದನಿ ತಗ್ಗಿಸಿ ಮಾತಾಡಿದಳು. ತಾನು ಎರಡು ರೊಟ್ಟಿ ಹಾಕಿದರೆ ಅತ್ತೆ ಬಂದು ಮತ್ತೆರಡು ಹಾಕುತ್ತಾಳೆ, ಬೇಡವೆಂದರೆ ಉಣ್ಣದೆ ಮಲಗುತ್ತಾಳೆ. ಅವರೂ ಒಲ್ಲೆ ಅನ್ನುವುದಿಲ್ಲ. ನೀವು ಒಮ್ಮೆ ಬಂದು ಹೋಗಿ ಎಂದಳು.

ಮರುದಿನ ಮಧ್ಯಾಹ್ನ ರಾಜಶ್ರೀ ಬನಹಟ್ಟಿಗೆ ಬಂದಳು. ಗೌರೀಶ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಅಕ್ಕನನ್ನು ನೋಡಿ ತಟ್ಟೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡ. ಅವನ ಅಂಗಿಯ ಗುಂಡಿಗಳ ನಡುವೆ ಬನಿಯನ್ ಕಾಣುತ್ತಿತ್ತು. ಆಕೆ ನೇರ ಅಡುಗೆಮನೆಗೆ ಹೋದಳು.

ಹಾಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳಿಗೆ ಕೂಡಲು ಮಣೆ ಸರಿಸಿ, ನೀರು ಎಷ್ಟು ಕೊಡಲಿ ಎಂದು ಕೇಳಿದಳು. ರಾಜಶ್ರೀ ಇಡೀ ದಿನಕ್ಕೆ ಅಳೆದು ಕುಡಿಯುವ ನೀರಿನ ಲೆಕ್ಕ ಆಕೆಗೆ ಗೊತ್ತಿತ್ತು.

"ತೂಕ ಇಳೀಲಿಲ್ಲಂದ್ರ ಅವನ್ದು ತಗೊಳ್ಳೂದಿಲ್ಲ ಅಂತ ಡಾಕ್ಟರ್ ಹೇಳ್ಯಾರಬೇ" ಎಂದಳು ರಾಜಶ್ರೀ. "ನಿನಗ ಯಾರೂ ಹೇಳಿಲ್ಲೇನು?"

"ಹೇಳ್ಯಾರ" ಎಂದಳು ಹಾಲವ್ವ. ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಗೊತ್ತೈತಿ ನನಗ."

ರಾಜಶ್ರೀ ಆ ತನಕ ಇದನ್ನು ತಾಯಿಯ ತಿಳಿಗೇಡಿತನ ಅಂದುಕೊಂಡೇ ಬಂದಿದ್ದಳು. ಬಿಡಿಸಿ ಹೇಳಬೇಕಾದ ಮಾತುಗಳನ್ನು ದಾರಿಯಲ್ಲಿ ಜೋಡಿಸಿಕೊಂಡಿದ್ದಳು. ಈಗ ಅವು ಯಾವುವೂ ಬೇಕಾಗಲಿಲ್ಲ.

"ನಿನಗ ರಕ್ತ ತೊಳಿಯೂ ಮಿಷನ್ನರ ಐತಿ" ಎಂದಳು ಹಾಲವ್ವ, ಹಂಚಿನಿಂದ ಕಣ್ಣೆತ್ತದೆ. "ಅವನ್ದು ಒಂದು ತಗದ ಮ್ಯಾಲ ನಾಳೆ ಅವಗ ಏನರ ಆದ್ರ ಯಾರ ಕೊಡ್ತಾರ? ನಂದು ಒಲ್ಲೆ ಅಂದ್ರು. ತಗೊಂಡಿದ್ರ ನಾ ಎರಡೂ ಕೊಟ್ಟು ಬರತಿದ್ದೆ."

"ಈ ಕೈಯಾನ ನರಾ ಮುಚ್ಚಿತಂದ್ರ ಮಿಷನ್ ತಗೊಂಡು ಏನ್ ಮಾಡ್ಲಿ?"

ರೊಟ್ಟಿ ಉಬ್ಬಿತು. ಹಾಲವ್ವ ಅದನ್ನು ಇಳಿಸಿ ಮೇಲೆ ಬೆಣ್ಣೆ ಇಟ್ಟಳು.

"ನಾ ಯಾರನ್ನೂ ಕೊಲ್ಲಾಕತ್ತಿಲ್ಲ ರಾಜವ್ವ. ನನ್ನ ಮಗಗ ಊಟಾ ಹಾಕಾಕತ್ತೇನಿ."

ಪಡಸಾಲೆಯಲ್ಲಿ ಗೌರೀಶ ಅಗಿಯುವ ಸದ್ದು ನಿಂತಿತ್ತು. ತಾಯಿ ರೊಟ್ಟಿ ಹಿಡಿದುಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಕೇಳಿಸಿತು.

ಆ ದಿನ ರಾಜಶ್ರೀ ತಮ್ಮನನ್ನು ನೇರ ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ. ಆಕೆ ಕೇಳಲಿಲ್ಲ. ಭಯವಾಗಿದ್ದರೆ ಬೇಡ ಅನ್ನು, ನಾನೇನೂ ಅಂದುಕೊಳ್ಳುವುದಿಲ್ಲ ಎನ್ನಬೇಕಿತ್ತು. ಆದರೆ ಅವನು ನಿಜಕ್ಕೂ ಬೇಡ ಅಂದುಬಿಟ್ಟರೆ? ಬಸ್ ನಿಲ್ದಾಣದ ತನಕ ಅವನೇ ಬೈಕಿನಲ್ಲಿ ಬಿಟ್ಟ. ಇಳಿಯುವಾಗ, ಇಳಿಸ್ತೀನಕ್ಕ ಎಂದ. ಆಕೆ ಆ ಮಾತನ್ನು ಹಿಡಿದುಕೊಂಡು ಜಮಖಂಡಿಗೆ ಬಂದಳು.

ಆರು ತಿಂಗಳು ತುಂಬಿದ ಮೇಲೆ ರಾಜಶ್ರೀ, ಗೌರೀಶ, ವೀರೇಶ ಮೂವರೂ ವೀರೇಶನ ಕಾರಿನಲ್ಲಿ ಬೆಳಗಾವಿಗೆ ಹೋದರು. ನೂರಾ ಆರು ಕಿಲೋ. ತಕ್ಕಡಿ ನೋಡಿದ ನರ್ಸ್ ಮೊದಲ ವರದಿಯನ್ನು ತೆಗೆದು ನೋಡಿ, ಮತ್ತೊಮ್ಮೆ ನಿಲ್ಲಲು ಹೇಳಿದಳು.

ಪರೀಕ್ಷೆಗಳು ಮುಗಿಯಲು ಎರಡು ದಿನ ಹಿಡಿಯಿತು. ಡಾಕ್ಟರು ಈ ಸಲ ರಾಜಶ್ರೀಯ ಕಡೆ ನೋಡಲಿಲ್ಲ, ಗೌರೀಶನನ್ನು ತಮ್ಮ ಎದುರಿನ ಕುರ್ಚಿಗೆ ಕರೆದರು. ಸಕ್ಕರೆ ಗಡಿ ದಾಟಿತ್ತು, ರಕ್ತದೊತ್ತಡ ಏರಿತ್ತು. ಸೋಸುವ ವೇಗ ನೂರಾ ಹನ್ನೆರಡಕ್ಕೆ ಇಳಿದಿತ್ತು. ಗೊತ್ತಿಲ್ಲದವರಿಗೆ ಅದು ಸರಿಯಾದ ಸಂಖ್ಯೆ ಅನ್ನಿಸುತ್ತಿತ್ತು. ಆದರೆ ಮೂತ್ರದಲ್ಲಿ ಪ್ರೋಟೀನ್ ಬಂದಿತ್ತು, ಮರುದಿನ ಮತ್ತೆ ನೋಡಿದಾಗಲೂ ಇತ್ತು. ಜರಡಿ ಸೋರುತ್ತಿದೆ ಎಂದರು ಡಾಕ್ಟರು. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಗುಳಿಗೆ ತಪ್ಪಿಸಬಾರದು. ತೂಕ ಇಳಿಸಿದರೆ ಈ ಹಂತದಲ್ಲಿ ತಡೆಯಬಹುದು, ಬಿಟ್ಟರೆ ಅದು ತನ್ನ ದಾರಿಯಲ್ಲಿ ಹೋಗುತ್ತದೆ. ದಾನದ ಮಾತು ಇನ್ನಿಲ್ಲ.

ಕಾರು ಊರಿನ ಕಡೆ ತಿರುಗಿತು. ಲೋಕಾಪುರ ದಾಟಿ ಮುಧೋಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ನಿಂತಾಗ ಗೌರೀಶ ಹಿಂದಿನ ಸೀಟಿನಿಂದ, "ಅವ್ವಗ ಬರೇ ಒಲ್ಲೆ ಅಂದ್ರು ಅಂತ ಹೇಳಕ್ಕ. ಉಳಿದದ್ದು ಬ್ಯಾಡ" ಎಂದ.

ಬನಹಟ್ಟಿ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಗೌರೀಶನ ಕಿಡ್ನಿ ತೆಗೆದುಕೊಳ್ಳುವುದಿಲ್ಲವಂತೆ ಎಂದು ವೀರೇಶ ಹೇಳುತ್ತಲೇ ಹಾಲವ್ವ ದೇವರ ಜಗುಲಿಯ ಕಡೆ ತಿರುಗಿ ಕೈ ಮುಗಿದಳು. ಮಗಳ ತಲೆ ಸವರಿ, ಶಿವ ಬೇರೆ ಯಾರನ್ನಾದರೂ ತೋರಿಸುತ್ತಾನೆ ಎಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ ಎಂಬುದು ರಾಜಶ್ರೀಗೆ ಗೊತ್ತಿತ್ತು. ಹಬ್ಬದ ಸಿಹಿ ಮಾದಲಿ ಮಾಡಿಟ್ಟಿದ್ದಳು. ಎಲ್ಲರನ್ನೂ ಕೂರಿಸಿ, ಗೌರೀಶನ ತಟ್ಟೆಗೆ ಎರಡು ಸಲ ಹಾಕಿ, ತುಪ್ಪದ ಗಿಂಡಿ ಬಗ್ಗಿಸಿದಳು.

ರಾಜಶ್ರೀ ತಾಯಿಯ ಮಣಿಕಟ್ಟು ಹಿಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಕ್ಕರೆ, ಒತ್ತಡ, ಸೋರುವ ಜರಡಿ. ದನಿ ಏರಿಸಲಿಲ್ಲ.

"ಸಿಟ್ಟಿಗೆ ಹಿಂಗ ಅಂತೀ ನೀ" ಎಂದಳು ಹಾಲವ್ವ. "ನಿನಗ ಸಿಗಲಿಲ್ಲಂತ." ಆಮೇಲೆ ಮಗನ ಕಡೆ ತಿರುಗಿದಳು. "ಖರೆ ಏನೋ ಗೌರೀಶ?"

ಅವನು ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ತಟ್ಟೆಯನ್ನು ನೋಡಿದ.

"ಏನೂ ಇಲ್ಲಬೇ. ಗುಳಗಿ ಕೊಟ್ಟಾರ" ಎಂದ.

ಹಾಲವ್ವ ಮಣಿಕಟ್ಟು ಬಿಡಿಸಿಕೊಂಡಳು. ತುಪ್ಪ ಬಿತ್ತು. ಗೌರೀಶ ಮಾದಲಿ ಕಲಸಿದ.

ಬೆಳಿಗ್ಗೆ ಡಯಾಲಿಸಿಸ್ ಇದೆ ಎಂದು ರಾಜಶ್ರೀ ಎದ್ದಳು. ಕಾರಿನ ತನಕ ಪ್ರೀತಿ ಬಂದಳು. ವೀರೇಶ ಗಾಡಿ ಶುರು ಮಾಡಿದ ಮೇಲೆ ಕಿಟಕಿಗೆ ಬಗ್ಗಿ, ಒಳಗಿನವರಿಗೆ ಕೇಳದ ಹಾಗೆ ಕೇಳಿದಳು.

"ಅಕ್ಕಾರ, ಮೊದಮೊದಲ ನಿಮಗ ಏನಾಗತಿತ್ರಿ? ಹೇಳ್ರಿ, ಅವರನ್ನ ನೋಡ್ಕೋತ ಇರ್ತೇನಿ."

ರಾಜಶ್ರೀ ನೆನಪು ಮಾಡಿಕೊಳ್ಳಲು ನೋಡಿದಳು. ಆಗ ಆಕೆ ಸಂತೆಗೆ ಹೋಗಿ ಬರುತ್ತಿದ್ದಳು, ಮಕ್ಕಳನ್ನು ಸಾಲೆಗೆ ಬಿಡುತ್ತಿದ್ದಳು, ಹಸಿವು ನಿದ್ದೆ ಎಲ್ಲ ಸರಿಯಿತ್ತು.

"ಏನೂ ಆಗತಿದ್ದಿಲ್ಲ ಪ್ರೀತಿ" ಎಂದಳು.