ತಾಯತದ ಎಕ್ಸ್‌ರೇ

ತೊಂಬತ್ತೆಂಟನೇ ಇಸವಿಯಲ್ಲಿ ಮುನಿಯಕ್ಕ ಎದೆಯ ಗೆಡ್ಡೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, ಕತ್ರಿಗುಪ್ಪೆ ಸರ್ಕಲ್ಲಿನ ಅವಳ ಹೂವಿನ ಜಾಗದಲ್ಲಿ ವಾರಗಿತ್ತಿ ನೀಲಗಂಗಮ್ಮ ಬಂದು ಕುಕ್ಕರಿಸಿದ್ದಳು. ಕೇಳಿದವರಿಗೆಲ್ಲ, "ಅಕ್ಕ ಹೋಗ್ಬಿಟ್ಲು" ಅಂದಿದ್ದಳು. ಮುನಿಯಕ್ಕ ವಾಪಸ್ ಬಂದ ದಿನ ಅವಳ ಮುಖ ನೋಡಿದ ಮೇಷ್ಟ್ರೊಬ್ಬರು ಚಪ್ಪಲಿ ಬಿಟ್ಟು ಓಡಿ, ಬನಶಂಕರಿ ಗುಡಿಯಲ್ಲೇ ನಿಂತರಂತೆ.

ನೀಲಗಂಗಮ್ಮ ಬಸ್ ಸ್ಟ್ಯಾಂಡಿನ ತನ್ನ ಜಾಗಕ್ಕೆ ಮರಳಿದಳು. ಆಸೆ ಮಾತ್ರ ಕತ್ರಿಗುಪ್ಪೆಯಲ್ಲೇ ಕೂತಿತ್ತು. ಮುನಿಯಕ್ಕ ಎಕ್ಸ್‌ರೇಗೆ ಹೋಗಿಬಂದಾಗಲೆಲ್ಲ ಬಂದು ಕೇಳುತ್ತಿದ್ದಳು, "ಗೆಡ್ಡೆ ಶ್ವಾಸಕೋಶಕ್ಕೆ ಏರ್ತಾ ಅಕ್ಕ?"

ಆ ಮಾತನ್ನು ಮುನಿಯಕ್ಕ ಹೊಗೆಸೊಪ್ಪಿನ ಹಾಗೆ ದವಡೆಯಲ್ಲಿಟ್ಟುಕೊಂಡಿದ್ದಳು.

ಈ ಸಲ ಜಯನಗರದಲ್ಲಿ ಎಕ್ಸ್‌ರೇ ತೆಗೆಯುವ ಸೇತುರಾಮ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದ. ಫಿಲ್ಮಿನಲ್ಲಿ ಬೆಣ್ಣೆ ಉಂಡೆಯಂಥ ಬಿಳಿ. ಸೇತುರಾಮ ಮುನಿಯಕ್ಕನ ಕಡೆ ತಿರುಗಿದ.

"ಕತ್ತಲ್ಲಿ ಏನಿದೆ?"

"ತಾಯತ ಸಾರ್. ಬಿಚ್ಚಂಗಿಲ್ಲ."

"ದೇವ್ರಿಗೆ ನಾನ್ ಹೇಳ್ಕೋತೀನಿ, ಬಿಚ್ಚಿ. ಇನ್ನೊಂದ್ ತೆಗೀಬೇಕು."

ಎರಡನೆಯದನ್ನು ಡಾಕ್ಟರು ಬೆಳಕಿಗೆ ಹಿಡಿದು, "ಎಲ್ಲೂ ಏರಿಲ್ಲಮ್ಮ" ಅಂದರು. ಮುನಿಯಕ್ಕ ಉಸಿರು ಬಿಟ್ಟಳು. ಆಮೇಲೆ ಸೇತುರಾಮನ ಹತ್ತಿರ ಹೋಗಿ ಕೆಟ್ಟುಹೋದ ಫಿಲ್ಮನ್ನೂ ಕೇಳಿ ಇಸ್ಕೊಂಡಳು.

"ಅದ್ಯಾಕ್ರೀ?"

"ಒಬ್ರಿಗೆ ತೋರಿಸ್ಬೇಕು ಸಾರ್."

ಮಾರನೆ ದಿನ ಅದು ಅವಳ ಛತ್ರಿ ಕಡ್ಡಿಗೆ ನೇತಾಡುತ್ತಿತ್ತು.

"ಇದೇನಕ್ಕ ಬೆಳ್ಳಗೆ?" ಅಂದಳು ನೀಲಗಂಗಮ್ಮ.

"ಇನ್ನೊಂದ್ ತೆಗೀಬೇಕು ಅಂದ್ರು ಕಣೇ." ಸೇತುರಾಮ ಅಂದದ್ದು ಅಷ್ಟೇ ತಾನೆ.

ನೀಲಗಂಗಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು. ಸೆರಗಿನ ಕೆಳಗೆ ಹಲ್ಲು ಕಾಣುತ್ತಿತ್ತು. ಅವತ್ತೇ ಬಸ್ ಸ್ಟ್ಯಾಂಡಿನ ತನ್ನ ಜಾಗವನ್ನು ಎಳನೀರು ಮಾರಯ್ಯನಿಗೆ ಬಿಟ್ಟುಕೊಟ್ಟಳು. ಅವನು ಕಾಗೆ ಕೂರಲೂ ತಾವಿಲ್ಲದ ಹಾಗೆ ಕಾಯಿ ಸುರಿದ.

ಸೋಮವಾರ ನೀಲಗಂಗಮ್ಮ ಬುಟ್ಟಿ, ಹೊಸ ಛತ್ರಿ ಹೊತ್ತು ಕತ್ರಿಗುಪ್ಪೆಗೆ ಬಂದಳು. ಮುನಿಯಕ್ಕ ಮೊಗ್ಗು ಕಟ್ಟುತ್ತಾ ಕೂತಿದ್ದಳು. ಛತ್ರಿಗೆ ನೇತಾಡುತ್ತಿದ್ದದ್ದು ಎರಡನೇ ಫಿಲ್ಮು.

"ಬಿಳೀದು ಎಲ್ಲೋಯ್ತಕ್ಕ?"

ಮುನಿಯಕ್ಕ ಕತ್ತಿನ ತಾಯತ ಎಳೆದು ತೋರಿಸಿದಳು. "ಇಲ್ಲೈತೆ ನೋಡು."

ನೀಲಗಂಗಮ್ಮನ ಬುಟ್ಟಿ ಸೊಂಟದಿಂದ ಜಾರಿತು. "ನನ್ ಜಾಗ ಮಾರಯ್ಯಂಗೆ ಕೊಟ್ಬಿಟ್ಟೆ ಕಣಕ್ಕ."

"ಗೊತ್ತು. ಅವ್ನತ್ರ ಎಳನೀರು ಕುಡ್ಕೊಂಡೇ ಬಂದೆ. ಪಕ್ಕಕ್ಕೆ ನಿಂತ್ಕೊ, ಗಿರಾಕಿಗೆ ಅಡ್ಡ ಆಗ್ತೀಯ."

ಮುನಿಯಕ್ಕ ಸೇತುರಾಮ ಹೇಳಿಕೊಟ್ಟ ಹಾಗೆ ಉಸಿರು ಎಳೆದಳು, ಹಿಡಿದಳು, ಮತ್ತೆ "ಮಲ್ಲಿಗೇ" ಎಂದು ಬಿಟ್ಟಳು. ಮೈಲಿಯಾಚೆ ಹೊಸಕೆರೆಹಳ್ಳಿಯಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂತವು.