ಆರರ ಎಡಕ್ಕಿದ್ದ ಜಾಗ

ಬಸವಂತಪ್ಪನವರನ್ನು ಸುಮ್ಮನೆ ಕೂರಿಸಿದರೆ ಅನಾಹುತವಾಗುತ್ತದೆ ಎಂಬುದು ಬೆಂಗಳೂರಿನ ಸೇನಾ ಉಗ್ರಾಣದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಮೂವತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದವರು, 1997ರ ಬೇಸಗೆಯಲ್ಲಿ ಮಗಳು ನೀರಜಾಳನ್ನು ನೋಡಲು ಅಮೆರಿಕದ ಸ್ಟರ್ಲಿಂಗಿಗೆ ಬಂದರು. ವಿಮಾನವೆಂದರೆ ಹೆದರುವ ಹೆಂಡತಿ ವರಲಕ್ಷ್ಮಿ ಬೆಂಗಳೂರಿನಲ್ಲೇ ಉಳಿದರು. ಮಗಳು ಕೊನೆಯ ಸಲ ಊರಿಗೆ ಹೋಗಿ ಮೂರು ವರ್ಷವಾಗಿತ್ತು. ಕಾರಿಲ್ಲದೆ ಹಾಲು ತರಲೂ ಆಗದ ಈ ಜಾಗದಲ್ಲಿ ಮುದುಕ ಮಾಡುವುದಾದರೂ ಏನು? ಒಂದೇ ವಾರದಲ್ಲಿ ಅಡುಗೆಮನೆಯ ಡಬ್ಬಗಳಿಗೆಲ್ಲ ನಂಬರು ಬಿತ್ತು.

ಆ ಭಾನುವಾರ ಮಧ್ಯಾಹ್ನ ನೀರಜಾ ಕಂಪ್ಯೂಟರಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. ವಾಷಿಂಗ್ಟನ್ನಿನ ಒಂದು ಚಿಕ್ಕ ಇತಿಹಾಸ ಸಂಸ್ಥೆಗೆ ಅವಳು ಡೇಟಾಬೇಸ್ ಕಟ್ಟುತ್ತಿದ್ದಳು. ಅಮೆರಿಕ ಹೊಸದಾಗಿ ಸ್ವತಂತ್ರವಾಗಿದ್ದಾಗ ಗಡಿಕೋಟೆಗಳಿಂದ ಯುದ್ಧ ಇಲಾಖೆಗೆ ಬಂದ ಪತ್ರಗಳೆಲ್ಲ ಅದರೊಳಗೆ ಹೋಗಬೇಕು. ಮುಗಿಸಲು ಇನ್ನೂ ಆರು ತಿಂಗಳು ಬೇಕು. ಕಾಂಟ್ರ್ಯಾಕ್ಟು ಈ ತಿಂಗಳಿಗೆ ಮುಗಿಯುತ್ತದೆ, ಅದರ ಜೊತೆಗೆ ವೀಸಾ ಕೂಡ. ನಾಳೆ ಡೆಮೊ ನೋಡಿ ಡೈರೆಕ್ಟರ್ ಮಿಸೆಸ್ ಹೋಲ್‌ಕಂಬ್ ಅದನ್ನು ಮುಂದುವರಿಸುವುದೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಪರದೆಯ ಮೇಲೆ ಮಾತ್ರ ಸಾಲುಸಾಲು ಕೆಂಪು.

“ಏನಮ್ಮ ಅದು?”

“ಮಿಸ್ಟೇಕ್ಸ್ ಅಪ್ಪ. ಈ ಕೋಟೇಲಿ ಇರೋದು ಇನ್ನೂರು ಜನ ಸೈನಿಕರು. ಕೇಳಿರೋದು ನಾನೂರು ಜೊತೆ ಬೂಟು. ಎಲ್ಲಾ ಕೋಟೇದೂ ಹಿಂಗೇ. ನನ್ನ ಪ್ರೋಗ್ರಾಮ್ ಎಲ್ಲೋ ಡಬಲ್ ಮಾಡ್ತಿದೆ.”

ಬಸವಂತಪ್ಪನವರು ಕನ್ನಡಕ ಏರಿಸಿ ಪತ್ರಗಳನ್ನು ಓದಿದರು. ಓದುತ್ತ ಓದುತ್ತ ಮುಖ ಅರಳಿತು. ಇನ್ನೂರು ವರ್ಷದ ಹಿಂದಿನ ಆ ಕೋಟೆಯ ಅಧಿಕಾರಿ ತಮ್ಮ ಬ್ಯಾಚಿನವನೇ ಅನ್ನಿಸಿಬಿಟ್ಟಿತು.

“ನಿನ್ನ ಪ್ರೋಗ್ರಾಮ್ ಸರಿಯಾಗಿದೆ ಕಣಮ್ಮ. ಹೆಡ್ಡಾಫೀಸಿನೋರು ಕೇಳಿದ್ರಲ್ಲಿ ಅರ್ಧ ಹೊಡೆದೇ ಕೊಡೋದು. ಅದಕ್ಕೇ ಇವನು ಡಬಲ್ ಕೇಳಿದಾನೆ. ಎಷ್ಟು ಬಂತು ಅಂತ ನೋಡು.”

ನೋಡಿದಳು. ಇನ್ನೂರ ಹತ್ತು ಜೊತೆ. ಮುಂದಿನ ಕೋಟೆ ಕೇಳಿದ್ದು ಮುನ್ನೂರು, ಬಂದದ್ದು ನೂರೈವತ್ತು. ನೀರಜಾ ಅಪ್ಪನ ಭುಜ ಹಿಡಿದು ಅಲುಗಾಡಿಸಿದಳು. ಸಂಜೆಯೊಳಗೆ ಕೇಳಿದ್ದೆಷ್ಟು, ಬಂದದ್ದೆಷ್ಟು ಎಂಬ ಚಾರ್ಟು ತಯಾರಾಯಿತು.

ಆಮೇಲೆ ಕಾಂಟ್ರ್ಯಾಕ್ಟ್ ಮುಂದುವರಿಸುವ ಫಾರಂ ತೆಗೆದು, ಎಷ್ಟು ತಿಂಗಳು ಎಂಬಲ್ಲಿ ಪೆನ್ನಿನಿಂದ 6 ಎಂದು ಬರೆದಳು.

“ಆರಾ? ಹನ್ನೆರಡು ಬರಿ.”

“ಅಪ್ಪ, ಇದು ನಿಮ್ಮ ಡಿಪೋ ಅಲ್ಲ. ಇಲ್ಲಿ ಎಷ್ಟು ಬೇಕೋ ಅಷ್ಟೇ ಕೇಳೋದು,” ಎಂದು ಹೇಳಿ ಸ್ನಾನಕ್ಕೆ ಹೋದಳು.

ಫಾರಂ ಮೇಜಿನ ಮೇಲಿತ್ತು. ಪೆನ್ನೂ ಇತ್ತು. 6ರ ಎಡಕ್ಕೆ ಧಾರಾಳವಾಗಿ ಜಾಗವಿತ್ತು. ಅಷ್ಟು ಜಾಗ ಬಿಟ್ಟು ಅಂಕಿ ಬರೆಯುವವರನ್ನು ಬಸವಂತಪ್ಪನವರು ಉಗ್ರಾಣದಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಒಂದೇ ಒಂದು ಗೀಟು ಎಳೆದರು. ಎಳೆದದ್ದು ಪೆನ್ನಿನಲ್ಲಿ, ಅಳಿಸುವ ಹಾಗಿರಲಿಲ್ಲ. ಮಗಳಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಫಾರಂ ನೋಡದೆಯೇ ಬ್ಯಾಗಿಗೆ ಹಾಕಿಕೊಂಡು ಹೋದಳು. ಇಡೀ ದಿನ ಬಸವಂತಪ್ಪನವರಿಗೆ ಅನ್ನ ಸೇರಲಿಲ್ಲ. ಮಗಳ ಅನ್ನಕ್ಕೇ ಕಲ್ಲು ಹಾಕಿದೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡರು. ಸಂಜೆ ನೀರಜಾ ಬಂದವಳೇ ಶೂ ಕೂಡ ಬಿಚ್ಚದೆ ಎದುರಿಗೆ ನಿಂತಳು.

“ಹದಿನಾರು ತಿಂಗಳಾ ಅಪ್ಪ? ಮಿಸೆಸ್ ಹೋಲ್‌ಕಂಬ್ ಓದಿದಾಗ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.”

“ಏನಂದ್ರು?”

“ಎಲ್ಲರೂ ಡಬಲ್ ಕೇಳ್ತಾರೆ ಅಂತ ಈಗ ತಾನೇ ನೀನೇ ತೋರಿಸಿದ್ಯಲ್ಲ ಅಂತ ನಕ್ಕು, ಅರ್ಧ ಹೊಡೆದು ಎಂಟಕ್ಕೆ ಸೈನ್ ಮಾಡಿದ್ರು. ನಂಗೆ ನಿಜವಾಗಿ ಬೇಕಾಗಿರೋದು ಆರೇ ಅಂದೆ. ಪ್ರೋಗ್ರಾಮರ್ಸ್ ಯಾವತ್ತೂ ಲೇಟೇ, ಎಂಟಿರಲಿ ಅಂದ್ರು.”

ಆರರಲ್ಲಿ ಅರ್ಧ ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು.

“ಇನ್ನೊಂದ್ಸಲ ನನ್ನ ಪೇಪರ್ ಮುಟ್ಟಿದ್ರೆ ನಿಮ್ಮ ಹತ್ರ ಮಾತಾಡಲ್ಲ,” ಎಂದು ನೀರಜಾ ಸೋಫಾದ ಮೇಲೆ ಕುಸಿದಳು. “ಜಾಸ್ತಿ ಬಂದಿರೋ ಎರಡು ತಿಂಗಳು ಈಗ ಏನ್ ಮಾಡ್ಲಿ?”

“ಕೆಲಸ ಮುಗಿಸಿ, ರಜ ಹಾಕಿ ಊರಿಗೆ ಬಾ,” ಎಂದರು ಬಸವಂತಪ್ಪನವರು. “ನಿಮ್ಮಮ್ಮ ನಾಲ್ಕು ತಿಂಗಳು ಕೇಳಿದಾಳೆ.”