ಕೌದಿಯ ಹೊಟ್ಟೆಗೆ ಹೋದ ಸಿಹಿ

ಒಂದಾನೊಂದು ಹೊಟ್ಟೆಯಲ್ಲಿ, ಏಳು ಸುತ್ತಿನ ಕೋಟೆಯಂಥ ಕರುಳಿನೊಳಗೆ, ಮಖಮಲ್ಲಿನಂಥ ಗೋಡೆಯ ಮೇಲೆ ನಾನು ಹುಟ್ಟಿದೆ. ನಾನು ಒಂದು ಕಿಣ್ವ. ಬಂದ ಸಕ್ಕರೆಯನ್ನು ಹಿಡಿದು, ಎರಡಾಗಿ ಸೀಳಿ, ರಕ್ತದ ದಾರಿಗೆ ಬಿಡುವುದು ನನ್ನ ಕೆಲಸ. ನಮ್ಮ ಆಯುಷ್ಯ ಕೆಲವೇ ದಿನ. ಹಿರಿಯರು ಉದುರುವ ಮುಂಚೆ ಕಂಡದ್ದನ್ನೆಲ್ಲ ಕಿರಿಯರಿಗೆ ಹೇಳಿ ಹೋಗುತ್ತಾರೆ. ಹಾಗಾಗಿ ನಾನು ಎಂದರೆ ನನ್ನ ಹಿಂದಿನವರೂ ಹೌದು.

ನಮ್ಮ ಒಡತಿ ನಿಂಬೆವ್ವ, ಧಾರವಾಡದ ಕಡೆಯ ಮುದುಕಿ, ಹಳೆ ಸೀರೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಮೊಮ್ಮಗಳು ಮಹಾನಂದಾಳ ಹೆರಿಗೆಯಾಗುವುದರೊಳಗೆ ಕೂಸಿಗೊಂದು ಕೌದಿ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಹೊಲಿಯುವಾಗೆಲ್ಲ ಬಾಯಿಗೆ ಬೆಲ್ಲದ ಚೂರು, ಅದರ ಮೇಲೆ ಪಾಕದಂಥ ಚಹಾ. ನನಗೆ ಬಿಡುವೇ ಇಲ್ಲ. ಒಂದು ಹರಳೂ ಉಳಿಸದೆ ದಾಟಿಸಿದೆ. ಎಂಥ ಉಪಕಾರಿ ನಾನು ಎಂದು ಬೀಗಿದೆ.

ಒಂದು ದಿನ ಗೋಡೆಯಾಚೆ ಮಹಾನಂದಾಳ ದನಿ ಕೇಳಿತು.

"ಆಯಿ, ನಿನ್ನ ಸೆರಗನ್ನೂ ಕೌದಿಗೆ ಸೇರಿಸಿ ಹೊಲದೀಯಲ್ಲ."

"ಕೂಸಿಗೆ ನನ್ನ ಬಿಟ್ಟಿರಾಕ ಆಗೂದಿಲ್ಲ, ಅದಕ್ಕ."

"ನಗಿಸಬ್ಯಾಡ. ರಕ್ತದಾಗ ಸಕ್ಕರಿ ಏರಿ ಕಣ್ಣು ಮಂಜಾಗ್ಯಾವಂತ. ಹಿಂಗ ಬಿಟ್ರ ಪೂರಾ ಹೋಗ್ತಾವಂತ, ಡಾಕ್ಟ್ರು ಹೇಳ್ಯಾರ."

ಆ ಸಕ್ಕರೆಯನ್ನು ದಾಟಿಸಿದ್ದು ನನ್ನ ಕೈ.

ಮರುದಿನ ಇನ್ನೊಂದು ಸಿಡಿಲು. ಬೆಲ್ಲ, ಚಹಾದ ಬದಲು ನೆನೆಸಿದ ಮೆಂತ್ಯ, ಜರಡಿ ಹಿಡಿಯದ ಹಿಟ್ಟಿನ ರೊಟ್ಟಿ, ಕಾಳುಪಲ್ಲೆ ಬಂದವು. ಅವುಗಳ ನಾರು ನೀರು ಕುಡಿದು ಲೋಳೆಯಾಗಿ ದಾರಿ ತುಂಬ ಹರಡಿತು. ನಿಂಬೆವ್ವ ಕದ್ದು ತಿಂದ ಬೆಲ್ಲದ ಚೂರು ಅದರೊಳಗೆ ಸಿಕ್ಕಿಬಿತ್ತು. ಕೈ ಚಾಚಿದೆ, ಎಟುಕಲಿಲ್ಲ. ನಾರು ನನ್ನನ್ನೂ ತಬ್ಬಿ ಹಿಡಿಯಿತು. ಮುಪ್ಪು ಬಂತೇ ಎಂದು ಹೆದರಿ ಪಕ್ಕಕ್ಕೆ ನೋಡಿದರೆ ನಮ್ಮ ಬಳಗವೆಲ್ಲ ಕೈಕಟ್ಟಿ ಕೂತಿದೆ. ಸಕ್ಕರೆ ಬಂತು ನಿಜ. ಲಗ್ನ ಮುಗಿದ ಮೇಲೆ ಬರುವ ನೆಂಟರಂತೆ, ಒಂದೊಂದೇ, ತಡವಾಗಿ. ರಕ್ತಕ್ಕೂ ಹಾಗೆಯೇ ದಾಟಿತು. ದಿನ ಕಳೆದಂತೆ ನಿಂಬೆವ್ವನ ಕಣ್ಣಿನ ಮಂಜು ಕರಗಿತು.

ಈಗ ನಾನು ಉದುರುವ ಸರದಿ. ಇವತ್ತು ನಿಂಬೆವ್ವ ತಾನೇ ಸೂಜಿಗೆ ದಾರ ಪೋಣಿಸಿದಳಂತೆ. ಬರಿಹೊಟ್ಟೆಯ ಕೌದಿಯನ್ನು ಕೂಸಿಗೆ ಹೊದಿಸಬಾರದೆಂಬುದು ಅವರ ಪದ್ಧತಿ. ಮೂಲೆಯಲ್ಲಿ ಸಂದು ಬಿಟ್ಟು, ಅದರೊಳಗೆ ಹೋಳಿಗೆಯ ಚೂರಿಟ್ಟು ಹೊಲಿಯುತ್ತಾರೆ. ಹೋಳಿಗೆ ಎಂದು ಕೇಳಿದ್ದೇ ನನ್ನ ಮೈ ಜುಮ್ಮೆಂದಿತು.

"ಆಯಿ, ಅದು ನಿನ್ನ ಬಾಯಿಗೆ ಹೋದೀತು. ನೋಡಕೋತ ಕುಂತೇನಿ."

"ಕುಂದ್ರು. ಈಗ ನನಗೂ ಕಾಣತೈತಿ."

ನಾನು ಕೈ ಚಾಚಿ ಕಾದೆ. ಆ ಸಿಹಿ ನನ್ನ ತನಕ ಬರಲಿಲ್ಲ. ಕೌದಿಯ ಹೊಟ್ಟೆಗೆ ಹೋಯಿತು. ಅದರ ಮೇಲೆ ಕೊನೆಯ ಹೊಲಿಗೆ, ನೆಟ್ಟಗೆ, ಬಿತ್ತು.